ಮೈಲಿಗೆಯಾದ ಚೆಂಡು

ಹವ್ಯಾಸಿ ಬ್ಯಾಸ್ಕೆಟ್‌ಬಾಲ್ ನಿಯಮ ಸಮಿತಿಯ ಅಧ್ಯಕ್ಷರಿಗೆ ಹಾಗೂ ನಮ್ಮ ಕಾಲೇಜಿನ ಕ್ರೀಡಾ ನಿರ್ದೇಶಕರಿಗೆ. ಎರಡೂ ತಾವೇ ಆದ್ದರಿಂದ ಒಂದೇ ಪತ್ರ ಸಾಕು.

ಮ್ಯಾಸಚೂಸೆಟ್ಸ್, ಮಾರ್ಚ್ 1911

ಮಾನ್ಯರೇ,

ಏಳು ವರ್ಷಗಳಿಂದ ನನ್ನೊಡನೆ ಯಾರೂ ಚೆಂಡಾಡಿಲ್ಲ. ಕಾರಣ ತಾವು ಬರೆದ ನಿಯಮ. ಮೂರು ಖಾಸಗಿ ಪತ್ರಗಳಿಗೆ ಉತ್ತರ ಬಾರದ್ದರಿಂದ ಈಗ ಪತ್ರಿಕೆಯಲ್ಲೇ ಕೇಳುತ್ತಿದ್ದೇನೆ.

1904ರ ಜನವರಿಯ ಒಂದು ಗುರುವಾರ ನದಿಯಾಚೆಯ ಗಿರಣಿ ಊರಿನ ಚರ್ಚ್ ತಂಡದಲ್ಲಿ ಒಬ್ಬನಿಗೆ ಜ್ವರ ಬಂತು. ಬಾ ಎಂದರು, ಹೋದೆ. ಚರ್ಚಿನ ನೆಲಮಾಳಿಗೆಯಲ್ಲಿ ಆಡಿದೆವು, ಸೋತೆವು, ಪಾದ್ರಿಯ ಹೆಂಡತಿ ಬಡಿಸಿದ ಬೀನ್ಸ್ ಕಾಳು ತಿಂದು ಮನೆಗೆ ಬಂದೆವು. ತಮ್ಮ ಸಮಿತಿಗೆ ಆ ಎದುರಾಳಿಗಳು ನೋಂದಣಿ ಅರ್ಜಿಯನ್ನೇ ಕಳಿಸಿರಲಿಲ್ಲವಂತೆ. ನೋಂದಣಿಯಿಲ್ಲದ ತಂಡದೆದುರು ಆಡಿದವನು ತಮ್ಮ ನಿಯಮದಲ್ಲಿ ಹವ್ಯಾಸಿಯಲ್ಲ. ಅಷ್ಟಕ್ಕೇ ನಾನು ವೃತ್ತಿಪರ ಆಟಗಾರನಾಗಿಬಿಟ್ಟೆ. ಯಾವ ವೃತ್ತಿ, ಮಾನ್ಯರೇ? ಆಗ ತಮ್ಮ ವಿದ್ಯಾರ್ಥಿಯಾಗಿದ್ದೆ, ಈಗ ಗಡಿಯಾರ ರಿಪೇರಿ ಮಾಡುತ್ತೇನೆ.

ಶಿಕ್ಷೆ ನನಗೊಬ್ಬನಿಗೇ ಆಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ತಮ್ಮ ನಿಯಮಕ್ಕೆ ಮಡಿ ಬಹಳ. ನನ್ನ ಜೊತೆ ಆಡಿದವನಿಗೂ ಮೈಲಿಗೆ, ನನ್ನೆದುರು ಆಡಿದವನಿಗೂ ಮೈಲಿಗೆ. ಕಾಲೇಜಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಆರಿನ್ ಪೀಸ್ ಈಗ ನಮ್ಮ ಬೀದಿಗೆ ಹಾಲು ಹಾಕುತ್ತಾನೆ, ಊರಿನ ತಂಡದಲ್ಲಿ ಆಡುತ್ತಾನೆ. ಹೋದ ತಿಂಗಳು ನನ್ನ ಅಂಗಡಿಯ ಮುಂದೆ ಸುಮ್ಮನೆ ಅವನತ್ತ ಚೆಂಡು ಎಸೆದೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನಿನ್ ಮೇಲೆ ನಂಗೇನೂ ಸಿಟ್ಟಿಲ್ಲ ಕಣೋ," ಅಂದ. "ಹಿಡಿದ್ರೆ ನಾನೂ ಕೆಟ್ಟೆ, ನನ್ ತಂಡಾನೂ ಕೆಡ್ತು."

ಚೆಂಡು ಇಳಿಜಾರಿನಲ್ಲಿ ಉರುಳಿಹೋಯಿತು. ನಾನೇ ಹೋಗಿ ಎತ್ತಿಕೊಂಡು ಬಂದೆ. ಒಬ್ಬನೇ ಬುಟ್ಟಿಗೆ ಚೆಂಡು ಹಾಕುವುದು ರೂಢಿಯಾಗಿದೆ, ಮಾನ್ಯರೇ. ಅದನ್ನು ತಿರುಗಿ ಎಸೆಯುವವರಿಲ್ಲ ಎನ್ನುವುದು ಇನ್ನೂ ರೂಢಿಯಾಗಿಲ್ಲ.

ಈಗ ಒಂದು ಸಣ್ಣ ವಿಷಯ. ಆ ಗುರುವಾರದ ನಂತರದ ಸೋಮವಾರ ಭಾರೀ ಹಿಮ ಬಿದ್ದಿತ್ತು. ಕಾಲೇಜಿನ ಆಟದ ಮನೆಗೆ ಬಂದವರು ನಾವಿಬ್ಬರೇ. ತಾವು ಕೋಟು ಕಳಚಿ, ನಡುವೃತ್ತದಲ್ಲಿ ನನ್ನೆದುರು ಚೆಂಡಿಗಾಗಿ ಹಾರಿದಿರಿ. ಹದಿನೈದು ನಿಮಿಷ ಆಡಿದೆವು. "ಹಾರೋದು ಕಲೀಬೇಕಾದ್ರೆ ನಿನ್ನ ನೋಡ್ಬೇಕು ಕಣಯ್ಯ," ಎಂದಿರಿ. ಬುಧವಾರ ತಮ್ಮದೇ ಸಹಿಯ ಆದೇಶ ಬಂತು: ಚರ್ಚಿನಲ್ಲಿ ಆಡಿದ ಆ ಗುರುವಾರದಿಂದಲೇ ನಾನು ಅನರ್ಹ. ಗುರುವಾರ ಕಳೆದ ಮೇಲೆ ತಾನೇ ಸೋಮವಾರ ಬರುವುದು? ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನನ್ನ ಹೆಸರನ್ನು ಅನರ್ಹರ ಪಟ್ಟಿಯಿಂದ ತೆಗೆಯಿರಿ. ಆಗದಿದ್ದರೆ ಶನಿವಾರ ಸಂಜೆ ನಾಲ್ಕಕ್ಕೆ ನನ್ನ ಅಂಗಡಿಯ ಹಿತ್ತಲಿಗೆ ಬನ್ನಿ, ಗೋಡೆಗೆ ಬುಟ್ಟಿ ಹೊಡೆದಿದ್ದೇನೆ. ತಮ್ಮ ನಿಯಮದ ಪ್ರಕಾರ, ನನ್ನೊಡನೆ ಆಡಿದರೂ ಹೊಸದಾಗಿ ಕೆಡಲಾರದ ಮನುಷ್ಯ ತಾವೊಬ್ಬರೇ.

ಇಂತಿ,
ಕೊನೆಯ ಸಲ ತಮ್ಮೊಡನೆಯೇ ಆಡಿದ
ಎಲ್‌ಬ್ರಿಜ್ ಟಟಲ್