ಕಟ್ಟೆ ಹತ್ತಿರದ ತುತ್ತಿ, ಮೋರಿ ಪಕ್ಕದ ತುತ್ತಿ

ಬಸ್ ಡಿಪೋ ಹಿಂದಿನ ಮನೆ
ಸೋಮವಾರ, ಊಟ ಆದಮೇಲೆ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಕೋ, ಆದ್ರೆ ಭಾವನ ಕೈಲಿ ಹಚ್ಚಿಸ್ಕೋಬೇಡ. ಅವರು ಮಂಡಿ ತಿಕ್ಕೋದೂ ಒಂದೇ, ತಳ ಹಿಡಿದ ಪಾತ್ರೆ ತಿಕ್ಕೋದೂ ಒಂದೇ. ನಾನಂತೂ ಗುಂಡುಕಲ್ಲಿನ ಹಾಗಿದೀನಿ. ದಿನಾ ಬಸ್ಸುಗಳಿಗೆ ಸ್ನಾನ ಮಾಡಿಸಿ ಮಾಡಿಸಿ, ಮನೆಗೆ ಬಂದ್ರೆ ನನ್ನ ಸ್ನಾನಕ್ಕೇ ಬೇಜಾರು.

ನೀನು ಕೆಲಸಕ್ಕೆ ಅಂತ ದೂರ ಹೋಗುವಾಗ ನನ್ನ ಮಡಿಲಿಗೆ ಹಾಕಿಹೋದ ಕೂಸು ಈಗ ನನ್ನ ಹೆಗಲುದ್ದ ಆಗಿದಾಳೆ. ಹೋದ ಸಲ ಬಂದಾಗ ನೀನು ಅವಳನ್ನ ಮೇಲಿಂದ ಕೆಳಗೆ ನೋಡಿ, "ಇವಳು ನನ್ನ ಮಗಳ ಥರಾನೇ ಇಲ್ಲ ಕಣೇ, ಗಂಡುಬೀರಿ ಮಾಡಿಟ್ಟಿದೀಯ" ಅಂದೆ. ಈ ರಜೆಗೆ ಬಂದು ಕರ್ಕೊಂಡೇ ಹೋಗ್ತೀನಿ ಅಂತ ಮೊನ್ನೆ ಫೋನಲ್ಲಿ ಹೇಳ್ದೆ. ಫೋನಲ್ಲಿ ನನ್ನ ಬಾಯಿಗೆ ಬೀಗ ಹಾಕ್ತೀಯ. ಕಾಗದಕ್ಕೆ ಹಾಕು, ನೋಡೋಣ.

ನಮ್ಮ ಡಿಪೋದಲ್ಲಿ ಕಾಡುತುತ್ತಿ ಗಿಡ ಇದೆಯಲ್ಲ, ಹಳದಿ ಹೂವಿಂದು, ಪುಟ್ಟ ಚಕ್ರದಂಥ ಕಾಯಿ? ಬಸ್ ತೊಳೆಯೋ ಕಟ್ಟೆ ಹತ್ರ, ಎಣ್ಣೆ ನೀರು ಹರಿಯೋ ಗಟ್ಟಿ ನೆಲದಲ್ಲಿ, ಅದು ಸುಸ್ತಾದ ನಾಯಿ ಥರ ನೆಲಕ್ಕೆ ಬಿದ್ದಿರುತ್ತೆ. ಎಲೆ ಉಗುರಿನಷ್ಟು, ದಪ್ಪ, ಮೈತುಂಬ ರೋಮ. ಕ್ಯಾಂಟೀನ್ ಮೋರಿ ಪಕ್ಕ ಅದೇ ಗಿಡ ನನಗಿಂತ ಎತ್ತರ, ಎಲೆ ಅಂಗೈ ಅಗಲ. ಮೇಸ್ತ್ರಿ, "ಮೋರಿದು ಒಳ್ಳೇ ಜಾತಿ, ಇರ್ಲಿ. ಕಟ್ಟೆದು ಕಳೆ, ಕಿತ್ತುಹಾಕು" ಅಂದ. ನಾನು ಕೀಳಲಿಲ್ಲ. ನಿನ್ನ ಮಗಳು ಎರಡೂ ಕಡೆ ಬೀಜ ಆರಿಸಿ ಅದಲುಬದಲು ಮಾಡಿ ಹಾಕಿದ್ಲು. ಮಳೆಗಾಲ ಕಳೆದು ನೋಡಿದ್ರೆ ಮೋರಿ ಮಹಾರಾಣಿಯ ಮಕ್ಕಳು ಕಟ್ಟೆ ಹತ್ರ ನೆಲ ಹಿಡಿದಿದ್ವು, ಕಟ್ಟೆ ಬೀಜ ಮೋರಿ ಪಕ್ಕ ಎದೆ ಸೆಟೆಸಿ ನಿಂತಿತ್ತು! ಪೂರಾ ಬದಲಾಗಲಿಲ್ಲ ಬಿಡು, ಕಟ್ಟೆ ಬೀಜದ ಗಿಡಕ್ಕೆ ದಂಟಿನ ರೋಮ ಮಾತ್ರ ಹಾಗೇ ಇತ್ತು. ಮೇಸ್ತ್ರಿ ಇವತ್ತಿಗೂ ಒಪ್ಪಲ್ಲ. ಯಾರೋ ಗಿಡ ತಂದು ನೆಟ್ಟಿದಾರೆ ಅಂತಾನೆ. ಅವನ ಒಪ್ಪಿಗೆ ಕೇಳಿ ಗಿಡ ಬೆಳೆಯುತ್ತಾ?

ನಿನ್ನ ಮಗಳೂ ಹಾಗೇ. ಇಲ್ಲಿ ಹಾರನ್ ಮೀರಿಸಿ ಮಾತಾಡದಿದ್ರೆ ಯಾರಿಗೂ ಕೇಳಿಸಲ್ಲ, ಅದಕ್ಕೆ ಗಂಟಲು ಬೆಳೆದಿದೆ. ನನ್ನ ಜೊತೆ ನೀರಿನ ಪೈಪ್ ಎಳೆದೂ ಎಳೆದೂ ತೋಳು ಬಲಿತಿದೆ. ಆದ್ರೆ ಸಿಟ್ಟು ಬಂದಾಗ ಮೂಗಿನ ತುದಿ ಕೆಂಪಾಗುತ್ತಲ್ಲ, ಅದು ನಿಂದೇ. ನಾನೇನು ಬಣ್ಣ ಬಳಿದಿಲ್ಲ. ಅವಳು ಕೆಟ್ಟಿಲ್ಲ ಅಕ್ಕಾ, ಈ ನೆಲಕ್ಕೆ ತಕ್ಕ ಹಾಗೆ ಬೆಳೆದಿದಾಳೆ. ಬೇರುಸಮೇತ ಕಿತ್ಕೊಂಡು ಹೋಗ್ತೀನಿ ಅಂದ್ರೆ ನಾನು ಬಿಡಲ್ಲ. ನೀನು ದೊಡ್ಡವಳಿರಬಹುದು, ಹಟದಲ್ಲಿ ನಾನೂ ಅದೇ ಅಮ್ಮನ ಮಗಳು.

ಭಾವನಿಗೆ ನಮಸ್ಕಾರ ಹೇಳು. ಮಂಡಿ ತಂಟೆಗೆ ಬರಬೇಡಿ ಅಂತಾನೂ ಹೇಳು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಅಂಟಿಸೋ ಮುಂಚೆ ನಿನ್ನ ಮಗಳು ಇದನ್ನ ಓದಿಬಿಟ್ಲು. ಮೂಗು ಕೆಂಪಾಯ್ತು. "ಗಿಡ ಆದ್ರೆ ಕೇಳದೇ ಕೀಳ್ತಾರೆ, ಕೇಳದೇ ಇಟ್ಕೋತಾರೆ. ನನ್ನನ್ನ ಯಾರಾದ್ರೂ ಕೇಳಿದ್ರಾ ಚಿಕ್ಕಮ್ಮಾ?" ಅಂದ್ಲು. ಪಕ್ಕದಲ್ಲಿ ಕೂರಿಸ್ಕೊಂಡು, ನಿಂಗೇನು ಬೇಕು ಹೇಳು ಅಂತ ಕೇಳ್ದೆ. ಶಾಲೆ ಮುಗಿಯೋವರೆಗೂ ಇಲ್ಲೇ ಇರ್ತಾಳಂತೆ. ರಜೆಗೆ ಒಬ್ಬಳೇ ಬಸ್ ಹತ್ತಿ ನಿನ್ನ ಹತ್ರ ಬರ್ತಾಳಂತೆ. ಕರ್ಕೊಂಡು ಹೋಗೋಕೆ ನೀನು ಬರಬಾರದಂತೆ, ಬಿಟ್ಟುಬರೋಕೆ ನಾನೂ ಬರಬಾರದಂತೆ. ಸರಿ. ಬಸ್ ಮಾತ್ರ ನಾನೇ ತೊಳೆದು ಕಳಿಸ್ತೀನಿ.