ವಾರಿಜಜ್ಜಿ ಕೇಳಿದ ಕೂಲಿ

ಗಂಗೊಳ್ಳಿ, ಫೆಬ್ರವರಿ 30, 2191

ಪೂಜ್ಯ ವಾರಿಜಜ್ಜಿಯವರಿಗೆ, ನಿಮ್ಮ ಆರನೆಯ ತಲೆಮಾರಿನ ಸುಗಂಧಿಯ ನಮಸ್ಕಾರಗಳು.

ನಮ್ಮ ಹೊಸ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು.

ನಾನು ಕಡಲಗೋಡೆ ಕಾಯುವವಳು. ಉಕ್ಕುವ ಸಮುದ್ರವನ್ನು ಊರಿನಿಂದ ಹೊರಗಿಡುವ ಗೋಡೆ ಅದು. ನಮಗೆಲ್ಲ ಸಿಗುವುದು ತೂಗುಗೂಲಿ. ಅಂದರೆ ಅಕ್ಕಿ, ಎಣ್ಣೆ, ಮನೆಬಾಡಿಗೆ ಏರಿದಷ್ಟೇ ಸಂಬಳವೂ ತಾನಾಗಿ ಏರುತ್ತದೆ. ಯಾರೂ ಯಾರ ಮುಂದೆಯೂ ಹೋಗಿ ನಿಲ್ಲಬೇಕಿಲ್ಲ. ಹಿಂದೆ ಅದನ್ನು ಬಾಯಿಬಿಟ್ಟು ಕೇಳಬೇಕಿತ್ತು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಆಗ ನಾವು ನಿಮ್ಮ ಕಥೆ ಹೇಳುತ್ತೇವೆ.

ಆ ವರ್ಷ ಎಲ್ಲದರ ಬೆಲೆಯೂ ಏರಿತ್ತಂತೆ. ಗೇರುಬೀಜದ ಕಾರ್ಖಾನೆಯಲ್ಲಿ ನಿಮ್ಮ ಜೊತೆ ಸಿಪ್ಪೆ ಸುಲಿಯುತ್ತಿದ್ದ ಹೆಂಗಸರು ಬುತ್ತಿಗೆ ಮೀನು ಹಾಕಿಕೊಳ್ಳುವುದನ್ನು ಬಿಟ್ಟರು, ಆಮೇಲೆ ಕೆಲವರು ಬುತ್ತಿಯನ್ನೇ ಬಿಟ್ಟರು. ಕೂಲಿ ಮಾತ್ರ ಹಳೆಯದೇ. ಎಲ್ಲರ ಪರವಾಗಿ ನೀವು ಧಣಿ ಜಗನ್ನಾಥ ಹೆಗ್ಡೆಯವರ ಬಳಿ ಹೋದಿರಿ. ಅವರೇನೂ ಕೆಟ್ಟವರಲ್ಲ, ಕುರ್ಚಿ ಕೊಟ್ಟು ಕೂರಿಸಿದರು.

"ವಾರಿಜ, ನಿನ್ನನ್ನು ಮೇಸ್ತ್ರಿ ಮಾಡುತ್ತೇನೆ. ಈಗಿನ ಎರಡರಷ್ಟು ಸಂಬಳ. ಉಳಿದವರ ವಿಷಯ ಬಿಡು," ಎಂದರು.

ನಿಮ್ಮ ಯಜಮಾನರು ದೋಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿ ಮಲಗಿದ್ದ ಕಾಲ ಅದು. ಆದರೂ ನೀವು, "ಅವರ ಮುಖ ನೋಡಿ ನಾನು ಕೆಲಸ ಹೇಳುವುದು ಹೇಗೆ ಧಣಿ? ನನ್ನಿಂದಾಗದು," ಎಂದಿರಿ.

"ಎಲ್ಲರಿಗೂ ಏರಿಸಿದರೆ ಬಾಗಿಲು ಮುಚ್ಚಬೇಕಷ್ಟೆ. ಕರೆಂಟು ಬಿಲ್ಲು, ಲಾರಿ ಬಾಡಿಗೆ ನನಗೂ ಏರಿಲ್ಲವಾ?"

"ಏರಿದೆ. ಅದಕ್ಕೇ ನೀವು ಬೀಜದ ದರ ಏರಿಸಿದಿರಿ. ನಮ್ಮ ಹತ್ತಿರ ಮಾರಲಿಕ್ಕೆ ಇರುವುದು ಈ ಕೈಗಳು ಮಾತ್ರ. ಒಮ್ಮೆಲೇ ಪೂರ್ತಿ ಏರಿಸುವುದು ಬೇಡ. ಪೇಟೆಯಲ್ಲಿ ದರ ಏರಿದ ಹಾಗೆ ಕೂಲಿಯೂ ಏರಲಿ. ಮೂರು ತಿಂಗಳಿಗೊಮ್ಮೆ ಕೂತು ನೋಡುವ."

ಲೆಕ್ಕ ನೋಡಿ ಹೇಳುತ್ತೇನೆ ಎಂದು ಅವರು ನಿಮ್ಮನ್ನು ಕಳಿಸಿದರು. ಒಂದು ವಾರ ಕಳೆದ ಮೇಲೆ ಎಲ್ಲರನ್ನೂ ಅಂಗಳಕ್ಕೆ ಕರೆಸಿ, ಹೀಗೆ ಸ್ವಲ್ಪ ಸ್ವಲ್ಪವಾಗಿ ಏರಿಸಿದರೆ ಬಾಗಿಲು ಮುಚ್ಚಬೇಕಿಲ್ಲ ಎಂದು ಒಪ್ಪಿಕೊಂಡರು. ಏರಿದ ಬೆಲೆಗೆ ತಕ್ಕ ಹೆಚ್ಚಳದಲ್ಲಿ ಅರ್ಧ ಆಗಲೇ ಸಿಕ್ಕಿತು, ಉಳಿದದ್ದು ನೀವು ಹೇಳಿದಂತೆ ಮೂರು ತಿಂಗಳಿಗೊಮ್ಮೆ. ಮೇಸ್ತ್ರಿ ಹುದ್ದೆ ಇನ್ನೊಬ್ಬರಿಗೆ ಹೋಯಿತು. ನೀವು ಕೊನೆಯವರೆಗೂ ಸಿಪ್ಪೆ ಸುಲಿಯುತ್ತಲೇ ಇದ್ದಿರಿ. ತೂಗುಗೂಲಿಯ ಕಾನೂನು ಬಂದದ್ದು ಎಷ್ಟೋ ಕಾಲದ ನಂತರ, ನಿಮ್ಮಂಥ ಎಷ್ಟೋ ಮಂದಿ ಕೇಳಿದ ಮೇಲೆ.

ಕೊನೆಗೊಂದು ಬಿನ್ನಹ. ಧಣಿಯ ಕೋಣೆಯಿಂದ ಹೊರಬಂದವರು ಬಾವಿಕಟ್ಟೆಯ ಮೇಲೆ ಕೂತು ನಡುಗಿದಿರಂತೆ. ಅದನ್ನು ಮಾತ್ರ ಯಾರಿಗೂ ಹೇಳಬೇಡಿ ಅನ್ನುತ್ತಿದ್ದಿರಂತೆ. ನಾವು ಎಲ್ಲರಿಗೂ ಹೇಳಿಬಿಟ್ಟೆವು, ಸಿಟ್ಟಾಗಬೇಡಿ. ಕೆಲಸ ಹೋಗಬಹುದೆಂದು ಗೊತ್ತಿದ್ದೇ ನೀವು ಕೇಳಿದಿರಿ ಎಂದು ನಮಗೆ ತಿಳಿದದ್ದು ಅದರಿಂದಲೇ.

ನಿಮ್ಮವಳೇ,
ಸುಗಂಧಿ