ಅತ್ತೆ ಸುಮ್ಮನಾದ ಬೆಳಿಗ್ಗೆ

ಎಸ್ಟೇಟ್ ಆಫೀಸು, ಬಣಕಲ್
ಬುಧವಾರ, 7 ಜನವರಿ 2026

ಪ್ರೀತಿಯ ಶಿಲ್ಪಾ,

ಕೈಯಲ್ಲಿ ಫೋನಿಟ್ಟುಕೊಂಡು ಇವಳು ಯಾಕೆ ಕಾಗದ ಬರೆದಳು ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಾದರೆ ಎರಡು ಮಾತಿಗೇ ನಾನು ಅತ್ತುಬಿಡುತ್ತೇನೆ, ನೀನು ಪೂರ್ತಿ ಕೇಳುವ ಮೊದಲೇ ಸಮಾಧಾನ ಮಾಡಲು ಶುರುಮಾಡುತ್ತೀಯ. ಒಂದನೇ ಕ್ಲಾಸಿನಿಂದ ನಮ್ಮಿಬ್ಬರದು ಇದೇ ಹಾಡು. ಈ ಸಲ ನೀನು ಪೂರ್ತಿ ಕೇಳಬೇಕು. ನಾಳೆ ಕಲ್ಲೇಶ್ ಮೇಸ್ತ್ರಿ ನಿಮ್ಮವ್ವನನ್ನು ನೋಡಲು ಹಾಸನದ ಆಸ್ಪತ್ರೆಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಸೋಮವಾರ ನಮ್ಮ ಸಾಹುಕಾರ್ರು ಚಂದ್ರಶೇಖರ ಅವರು ಮಷೀನ್ ಕಂಪನಿಯ ಮೇಲೆ ಒಂದು ದೂರಿನ ಪತ್ರ ತಂದು ನಿನ್ನ ಸಹಿ ಕೇಳುತ್ತಾರೆ. ಆನೆ ಕಂಡರೆ ಕೂಗಬೇಕಾದ ಮಷೀನ್ ಕೈಕೊಟ್ಟಿತು, ಅದರಿಂದಲೇ ನಿಮ್ಮವ್ವ ನಂಜಮ್ಮನವರಿಗೆ ಹೀಗಾಯಿತು ಎಂದು ಅದರಲ್ಲಿದೆ. ಅದನ್ನು ಟೈಪ್ ಮಾಡಿದವಳು ನಾನೇ, ಒಂದಕ್ಷರ ತಪ್ಪಿಲ್ಲದೆ. ನಿನ್ನ ಕೈಮುಗಿಯುತ್ತೇನೆ, ಅದಕ್ಕೆ ಸಹಿ ಹಾಕಬೇಡ.

ನೀನು ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ಮೇಲೆ ಈ ಮಷೀನ್ ಬಂದದ್ದು, ನೀನು ನೋಡಿಲ್ಲ. ಕಾಫಿ ತೋಟದ ಕೆಳಗೆ ಹಳ್ಳದ ಬದಿಯಲ್ಲಿ ಕಂಬ ನೆಟ್ಟು ಕ್ಯಾಮೆರಾ ಹಾಕಿದ್ದಾರೆ. ಎದುರಿಗೆ ಬಂದದ್ದು ಆನೆಯೋ ಅಲ್ಲವೋ ಎಂದು ಅದೇ ನಿರ್ಧಾರ ಮಾಡುತ್ತದೆ. ಆನೆ ಎನಿಸಿದರೆ ಆಫೀಸಿನ ಫೋನಿಗೆ ಫೋಟೋ ಕಳಿಸಿ ಸೈರನ್ ಕೂಗಿಸುತ್ತದೆ. ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟವರು ನಿಮ್ಮವ್ವ. ಕೂಗಲು ಕಾರಣವೇ ಬೇಕಿಲ್ಲವಲ್ಲ, ಅದಕ್ಕೆ. ಮೊದಲ ತಿಂಗಳು ಬಸವರಾಜಪ್ಪನವರ ಎಮ್ಮೆಗೆ ಕೂಗಿತು. ಟಾರ್ಪಾಲು ಹೊದ್ದ ಟ್ರ್ಯಾಕ್ಟರಿಗೆ ಕೂಗಿತು. ಮಳೆಯಲ್ಲಿ ನೆಂದ ಬಂಡೆಯೊಂದಕ್ಕೆ ಎರಡು ದಿನ ಬಿಡದೆ ಕೂಗಿತು. ನಾಲ್ಕು ಸಲ ನಿಜವಾದ ಆನೆಗೂ ಕೂಗಿತು ಅನ್ನು. ಹೆಂಗಸರೆಲ್ಲ ಹಣ್ಣಿನ ಚೀಲ ಬಿಸಾಡಿ ಕೂಲಿಯವರ ಲೈನ್ ಮನೆ ಸೇರಿಕೊಂಡರು, ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಎಮ್ಮೆಯ ಕಥೆ ಮಾತ್ರ ಬಣಕಲ್ ಬಸ್ ಸ್ಟ್ಯಾಂಡಿನವರೆಗೂ ಹೋಯಿತು.

ಕೊಯ್ಲು ಹಿಂದೆ ಬೀಳುತ್ತಿದೆ ಎಂದು ಸಾಹುಕಾರ್ರು ಮಷೀನ್ ಕಂಪನಿಯವರಿಗೆ ಹೇಳಿ ಆಫೀಸಿನ ಫೋನಿನಲ್ಲಿ ಒಂದು ಗುಂಡಿ ಮಾಡಿಸಿದರು. 'ಎಚ್ಚರಿಕೆ ರದ್ದು' ಎಂದು ಅದರ ಮೇಲಿದೆ. ಮಷೀನ್ ಎಷ್ಟೇ ಜಾಣ ಆದರೂ ಕೊನೆಯ ಮಾತು ಮನುಷ್ಯರದೇ ಆಗಿರಬೇಕು ಎಂದರು. ನನಗೂ ಅದು ಸರಿ ಎನಿಸಿತು. ಫೋಟೋ ನೋಡು, ಆನೆಯಲ್ಲದಿದ್ದರೆ ಒತ್ತು, ಅನುಮಾನ ಬಂದರೆ ಕೂಗಲು ಬಿಡು ಎಂದು ಕಲಿಸಿಕೊಟ್ಟರು. ನಿಜ ಹೇಳಲಾ? ನನಗೆ ಬಹಳ ಹೆಮ್ಮೆಯಾಯಿತು. ಲೈನ್ ಮನೆಯಲ್ಲಿ ಹುಟ್ಟಿ ಲೆಕ್ಕ ಬರೆಯುವ ರೈಟರ್ ಕುರ್ಚಿಯಲ್ಲಿ ಕೂತವಳು ನಾನೊಬ್ಬಳೇ. ನಮ್ಮವ್ವ ನೀರು ಕುಡಿಯಲು ನಿಲ್ಲಬೇಕಾದರೂ ಮೇಸ್ತ್ರಿಯ ಮುಖ ನೋಡುತ್ತಿದ್ದಳು. ಅವಳ ಮಗಳ ಬೆರಳಿನ ತುದಿಯಲ್ಲಿ ಈಗ ಇಡೀ ತೋಟವಿತ್ತು.

ಡಿಸೆಂಬರ್ ಹದಿನೆಂಟು, ಗುರುವಾರ. ಮೂರು ದಿನ ಅಕಾಲದ ಮಳೆ ಹೊಡೆದು ಹಣ್ಣೆಲ್ಲ ಗಿಡದ ಬುಡಕ್ಕೆ ಉದುರುತ್ತಿತ್ತು. ಎಂಟೂಕಾಲಿಗೆ ಸೈರನ್ ಶುರುವಾಯಿತು. ಸಾಹುಕಾರ್ರು ಆಫೀಸಿನ ಜಗಲಿಯಲ್ಲೇ ನಿಂತಿದ್ದರು. ಒತ್ತು ಎಂದು ಅವರು ಹೇಳಲಿಲ್ಲ ಶಿಲ್ಪಾ, ಸುಳ್ಳು ಹೊರಿಸಲಾರೆ. ವಾಚು ನೋಡಿಕೊಂಡು, "ಇವತ್ತೂ ಶುರುವಾಯ್ತಲ್ಲ ಮಾರಾಯ್ತಿ ನಿಮ್ಮತ್ತೇದು" ಎಂದರು, ಅಷ್ಟೇ. ನಾನು ಫೋಟೋ ತೆರೆಯಲೇ ಇಲ್ಲ. ಆ ಬಂಡೆಯೇ ಇರಬೇಕು ಎಂದುಕೊಂಡು ಗುಂಡಿ ಒತ್ತಿದೆ.

ಮಷೀನ್ ಕೈಕೊಟ್ಟಿರಲಿಲ್ಲ. ಕೂಗಿತ್ತು. ಬಾಯಿ ಮುಚ್ಚಿಸಿದವಳು ನಾನು.

ಆಮೇಲಿನದು ಕಲ್ಲೇಶ್ ಮೇಸ್ತ್ರಿ ಹೇಳಿದ್ದು. ಹೆಂಗಸರು ಆಗಲೇ ಚೀಲ ಕೆಳಗಿಟ್ಟು ಹಿಂದಕ್ಕೆ ಹೊರಟಿದ್ದರಂತೆ. ಸೈರನ್ ನಿಂತದ್ದೇ, "ಅತ್ತೆ ಸುಮ್ನಾದ್ಲು ಕಣ್ರೇ, ಬರ್ರೇ" ಎಂದು ನಿಮ್ಮವ್ವನೇ ಎಲ್ಲರಿಗಿಂತ ಮುಂದೆ ಇಳಿದರಂತೆ. ಮೊದಲಾಗಿದ್ದರೆ ಆನೆ ತಿನ್ನುವ ಒಂದು ಬೈನೆ ಮರ ಮುರಿದು ಬಿದ್ದಿದ್ದರೂ ಸಾಕು, ಹಸಿ ಲದ್ದಿಯ ವಾಸನೆ ಬಂದರೂ ಸಾಕು, ಅಷ್ಟು ದೂರದಲ್ಲೇ ನಿಂತುಬಿಡುತ್ತಿದ್ದ ಜೀವ ಅದು. ಆಫೀಸಿನಲ್ಲಿ ಧನ್ಯಾ ನೋಡುತ್ತಾಳಲ್ಲ ಎಂದು ಇತ್ತೀಚೆಗೆ ತಾವು ನೋಡುವುದನ್ನೇ ಬಿಟ್ಟಿದ್ದರಂತೆ.

ಆನೆ ಅವರನ್ನು ಸೊಂಡಿಲಿನಿಂದ ಒಂದು ಸಲ ಪಕ್ಕಕ್ಕೆ ತಳ್ಳಿ ಹೋಯಿತು. ಸೊಂಟದ ಮೂಳೆ ಎರಡು ಕಡೆ ಮುರಿದದ್ದು, ಇನ್ನು ಏರು ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಮಾರನೆಯ ದಿನ ನಾನು ಆಸ್ಪತ್ರೆಗೆ ಬಂದಿದ್ದೆನಲ್ಲ, ಆಗ ನೀನು ಫ್ಲಾಸ್ಕ್ ಹಿಡಿದು ಟೀ ತರಲು ಹೋದೆ. ನಿಮ್ಮವ್ವ ಕಣ್ಣು ಬಿಟ್ಟು ಕೇಳಿದರು, "ಅತ್ತೆ ಯಾಕೆ ಅರ್ಧಕ್ಕೇ ಬಾಯಿ ಮುಚ್ಚಿದ್ಲು ಧನ್ಯಾ, ನಿಂಗೇನಾರ ಗೊತ್ತಾ?" ನಾನು, "ಕೆಟ್ಟೋಗಿತ್ತಂತೆ ಕಣಕ್ಕ" ಎಂದೆ. ಅವರು ನನ್ನ ಕೈ ಹಿಡಿದುಕೊಂಡು, ಊಟ ಮಾಡಿದ್ಯಾ ಎಂದು ಕೇಳಿದರು. ಆ ಕೈಯಿಂದಲೇ ಗುಂಡಿ ಒತ್ತಿದ್ದು.

ಸಾಹುಕಾರ್ರು ಕೆಟ್ಟವರಲ್ಲ. ತಮ್ಮ ಜೀಪಿನಲ್ಲೇ ಹಾಸನಕ್ಕೆ ಕರೆದುಕೊಂಡು ಬಂದವರು ಅವರೇ. ನಾನು ಒತ್ತಿದ್ದು ಅವರಿಗೆ ಗೊತ್ತು, ಆ ಸಂಜೆಯೇ ಹೇಳಿದ್ದೆ. "ಸುಮ್ನಿರು, ಮಷೀನ್ ಮೇಲೆ ಹಾಕಿದ್ರೆ ಯಾರಿಗೂ ನೋವಾಗಲ್ಲ. ಅದಕ್ಕೇನು ಮನೆಯಾ, ಮಕ್ಕಳಾ?" ಎಂದರು. ನನ್ನನ್ನು ಉಳಿಸಲು ಹೇಳಿದ ಮಾತು. ನಾನೂ ಉಳಿಯಲು ಒಪ್ಪಿಕೊಂಡೆ. ಮೂರು ವಾರ ಹಾಯಾಗಿ ಒಪ್ಪಿಕೊಂಡೇ ಇದ್ದೆ. ಮೊನ್ನೆ ದೂರಿನ ಕೊನೆಯ ಸಾಲು ಟೈಪ್ ಮಾಡುವಾಗ ಕೈ ನಿಂತಿತು. ಕ್ಯಾಮೆರಾಗಳನ್ನು ಕೂಡಲೇ ತೆಗೆಸಲಾಗುವುದು ಎಂದಿತ್ತು. ನೋವು ಯಾರಿಗೂ ಆಗುವುದಿಲ್ಲವಾ? ಹುಚ್ಚಮ್ಮ, ನಮ್ಮವ್ವ, ಉಳಿದವರೆಲ್ಲ ಮುಂದಿನ ವಾರ ರೊಬಸ್ಟಾ ಕುಯ್ಯಲು ಅದೇ ಹಳ್ಳದ ಬದಿಗೆ ಇಳಿಯಬೇಕು. ಆಗ ಕೂಗಲು ಏನೂ ಇರುವುದಿಲ್ಲ.

ಕೊನೆಯ ಮಾತು ಮನುಷ್ಯರದು ಎನ್ನುವುದು ಈಗಲೂ ಸರಿಯೇ. ಆದರೆ ಯಾವ ಮನುಷ್ಯರದು? ಆನೆ ಬಂದರೆ ಕುರ್ಚಿಯಲ್ಲಿ ಕೂತ ನನಗೆ ಏನೂ ಆಗುವುದಿಲ್ಲ. ಆ ಗುಂಡಿ ಹಳ್ಳದ ಬದಿಯಲ್ಲಿ ನಿಂತವರ ಕೈಯಲ್ಲಿ ಇರಬೇಕಿತ್ತು. ನಿನ್ನೆ ಸಾಹುಕಾರ್ರಿಗೆ ಇದನ್ನೇ ಹೇಳಿದೆ. "ಆಳುಗಳ ಕೈಗೆ ಕೊಟ್ರೆ ದಿನಾ ಕೂಗ್ಸಿ ಮನೆಗ್ ಹೋಗ್ತಾರೆ" ಎಂದರು. ನನಗೆಲ್ಲಿತ್ತೋ ಧೈರ್ಯ, "ಹೋಗ್ಲಿ ಬಿಡಿ ಸರ್, ನಂಜಕ್ಕ ಅವತ್ತು ಹಂಗೆ ಮನೆಗ್ ಹೋಗಿದ್ರೆ ಇವತ್ತು ನಡೀತಿದ್ರು" ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು.

ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದ ನನ್ನ ಹೇಳಿಕೆ ಈ ಕಾಗದದ ಜೊತೆಗಿದೆ. ಸೋಮವಾರ ಅವರ ಪತ್ರಕ್ಕೆ ಸಹಿ ಹಾಕುವ ಬದಲು ಇದನ್ನು ಅವರ ಕೈಗೆ ಕೊಡು. ಕುರ್ಚಿ ಹೋಗುತ್ತದೆ, ಹೋಗಲಿ, ಹಣ್ಣು ಕುಯ್ಯುವುದನ್ನು ಕೈ ಮರೆತಿಲ್ಲ. ನಿನ್ನನ್ನು ಕಳೆದುಕೊಳ್ಳುವ ಹೆದರಿಕೆಯೇ ಇಷ್ಟು ದಿನ ಬಾಯಿ ಕಟ್ಟಿದ್ದು. ಬೈಯಬೇಕೆನಿಸಿದರೆ ಮನಸಾರೆ ಬೈಯಿ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ, ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ.

ನಿನ್ನ ಗೆಳತಿ ಎಂದು ಬರೆಯಲು ಇನ್ನೂ ಆಸೆಯಿರುವ,
ಧನ್ಯಶ್ರೀ

ಮತ್ತೊಂದು ಮಾತು: ಅಂಟಿಸಿದ್ದ ಕವರು ಹರಿದು ಇದನ್ನು ಬರೆಯುತ್ತಿದ್ದೇನೆ. ಫೋಟೋ ತೆರೆಯಲೇ ಇಲ್ಲ ಎಂದು ಮೇಲೆ ಬರೆದಿದ್ದೇನೆ. ಹೇಳಿಕೆಯಲ್ಲೂ ಹಾಗೇ ಇತ್ತು, ಈಗ ಆ ಸಾಲು ಹೊಡೆದುಹಾಕಿದ್ದೇನೆ. ತೆರೆದಿದ್ದೆ ಶಿಲ್ಪಾ. ಅದರ ಪ್ರಿಂಟ್ ತೆಗೆದು ಒಳಗಿಟ್ಟಿದ್ದೇನೆ. ಮಂಜು ತುಂಬಿದೆ, ಸ್ಪಷ್ಟವಾಗಿಲ್ಲ. ನೀನೇ ನೋಡು. ಅದರಲ್ಲಿ ನಿನಗೆ ಆನೆ ಕಂಡರೆ, ನನಗೂ ಕಂಡಿತ್ತು.